ಹಿಂದಿನ ಸೀಟಿನ ದೀಪ

ಹನೂರು, ಸೋಮವಾರ

ಮೆಕ್ಯಾನಿಕ್ ಮಹದೇವಪ್ಪಣ್ಣನವರಿಗೆ ನಮಸ್ಕಾರ.

ಶುಕ್ರವಾರ ನೀವು ಚಾರ್ಜ್ ಮಾಡಿಕೊಟ್ಟ ಬ್ಯಾಟರಿ ಮತ್ತೆ ಡೌನ್ ಆಗಿದೆ, ಕಾರು ಸ್ಟಾರ್ಟ್ ಆಗುತ್ತಿಲ್ಲ. ವೈರಿಂಗ್ ಬಿಚ್ಚುವುದು ಬೇಡ, ಕಾರಣ ಸಿಕ್ಕಿತು. ಕಾರಿನೊಳಗಿನ ಲೈಟನ್ನು ನಮ್ಮ ಅತ್ತೆಯೇ ಹಗಲೂ ರಾತ್ರಿ ಹಾಕಿಟ್ಟಿದ್ದಾರೆ.

ಕೇಳಿದ್ದಕ್ಕೆ, "ಮಗನ ಪ್ರಾಣ ಓದ ಜಾಗದಲ್ಲಿ ಅನ್ನೊಂದು ದಿನ ದೀಪ ಆರ್ಬಾರ್ದು ಕಣವ್ವ. ಕಾರೊಳಗೆ ಎಣ್ಣೆದೀಪ ಮಡುಗಾದೆಂಗೆ?" ಎಂದರು.

ಯಜಮಾನರು ಹೋದದ್ದು ಆ ಹಿಂದಿನ ಸೀಟಿನಲ್ಲೇ, ಕೊಳ್ಳೇಗಾಲದ ಆಸ್ಪತ್ರೆಯ ದಾರಿಯಲ್ಲಿ. ಕಾಮಗೆರೆ ಹತ್ತಿರವೋ, ಅದಕ್ಕೂ ಮೊದಲೋ, ಕಾರು ಓಡಿಸುತ್ತಿದ್ದ ನನಗೆ ತಿಳಿಯಲಿಲ್ಲ.

ಗುರುವಾರ ಹನ್ನೊಂದನೇ ದಿನ. ಅಲ್ಲಿಯವರೆಗೆ ಕಾರು ಸ್ಟಾರ್ಟ್ ಆಗದಿದ್ದರೂ ಪರವಾಗಿಲ್ಲ, ಲೈಟು ಉರಿದರೆ ಸಾಕು.

ಸಂಜೆಯೊಳಗೆ ಬನ್ನಿ. ದೀಪ ಆಗಲೇ ಮಂಕಾಗಿದೆ.

ಇಂತಿ,
ಕೋಮಲ