ಎಡಗಾಲಿನ ಕುಂಟು

ಅಮ್ಮಾ,

ಸಿನಿಮಾದಲ್ಲಿ ಪತ್ತೇದಾರನ ಪಾರ್ಟು ಮಾಡೋಕೆ ಅಂತ ನಿಮ್ಮ ಮಗ ಒಂದು ತಿಂಗಳು ನನ್ನ ಬೆನ್ನು ಹತ್ತಿದ್ದ. ಮೊದಲ ದಿನವೇ "ಸಾರ್, ನಿಮ್ಮ ಕುಂಟು ಯಾವ ಕಾಲಿಂದು?" ಅಂತ ಕೇಳಿ ಬೈಸಿಕೊಂಡ. ಆಮೇಲೆ ನನಗಿಂತ ಚೆನ್ನಾಗಿ ಕುಂಟಿ ನಮ್ಮ ಠಾಣೆಯವರನ್ನೆಲ್ಲ ನಗಿಸಿದ. ತಪ್ಪಿದಾಗ ನಾನೇ ತಿದ್ದಿದೆ.

ಸೋಮವಾರ ನನ್ನ ಕೋಟು ಹಾಕಿಕೊಂಡು ಗಲ್ಲಿಯಲ್ಲಿ ಮುಂದೆ ನಡೆದ. ನನಗಾಗಿ ಹೊಂಚು ಹಾಕಿದ್ದವನು ಹಿಂದಿನಿಂದ ಆ ನಡಿಗೆ ನೋಡಿ ಗುಂಡು ಹಾರಿಸಿದ. ವರದಿಯಲ್ಲಿ ಇದನ್ನ ಬರೆದಿಲ್ಲ. ನಿಮಗೆ ಬರೆಯದೆ ಇರೋಕಾಗಲಿಲ್ಲ.

ಭಾನುವಾರ ಅವನ ಬ್ಯಾಗು ತಂದುಕೊಡ್ತೀನಿ. ಮನೆಯಲ್ಲೂ ಹಾಗೇ ನಡೀತಿದ್ದನಂತೆ, ನೀವು ರೇಗ್ತಿದ್ದಿರಂತೆ. ಮೆಟ್ಟಿಲ ಮೇಲೆ ಕುಂಟೋ ಸದ್ದು ಕೇಳಿದರೆ ಓಡಿ ಬರಬೇಡಿ. ಅದು ನಾನು.

ಇಂತಿ,
ನಿಮ್ಮ ಮಗನ 'ಕುಂಟ ಸಾರ್'