ಒಬ್ಬನಿಗೊಂದು ಸುಣ್ಣದ ವೃತ್ತ

ಮಾನ್ಯ ಉದ್ಯಾನಾಧಿಕಾರಿಗಳೇ,

ನಿಮ್ಮ ಉದ್ಯಾನದ ಏಳನೇ ವೃತ್ತದಲ್ಲಿ ಹೆಂಗಸೊಬ್ಬಳು ಮೂರು ಭಾನುವಾರ ಉಸಿರಾಡದೆ ಕೂತಿದ್ದಳು. ಮುಖಕ್ಕೆ ಮಾಸ್ಕು, ಕಣ್ಣಿಗೆ ಕನ್ನಡಕ, ತಲೆಗೆ ಉಣ್ಣೆಯ ಟೋಪಿ, ಮೈಮೇಲೆ ಕಂದು ಕೋಟು. ಆಚೀಚೆ ಮಕ್ಕಳು ಒಣಗಿದ ಎಲೆಯ ರಾಶಿಗೆ ಹಾರಿ ಕೇಕೆ ಹಾಕುತ್ತಿದ್ದರು. ಯಾರೂ ವೈದ್ಯರನ್ನು ಕರೆಯಲಿಲ್ಲ. ನಿಮ್ಮ ಕಾವಲುಗಾರನಂತೂ ಪ್ರತಿ ವಾರ ಬಂದು "ನಮಸ್ಕಾರ ಅಮ್ಮ" ಎಂದು ಹೇಳಿ ಹೋದ. ಮೂರನೇ ವಾರ ಅವಳ ತಲೆ ಕಳಚಿ ಉರುಳಿಕೊಂಡು ಪಕ್ಕದ ವೃತ್ತಕ್ಕೆ ಹೋಯಿತು.

ಗಾಬರಿಯಾಗಬೇಡಿ. ಆಂಬುಲೆನ್ಸಿಗೆ ಮಾಡಲು ಎತ್ತಿಕೊಂಡ ಫೋನನ್ನು ಕೆಳಗಿಡಿ. ಅವಳು ನನ್ನ ಅಂಗಡಿಯ ಬೊಂಬೆ. ನಾನು ದರ್ಜಿ, ಹೊಲಿದ ಬಟ್ಟೆ ತೊಡಿಸಿ ನೋಡಲು ಇಟ್ಟುಕೊಂಡ, ಸೊಂಟದಿಂದ ಕತ್ತಿನವರೆಗೆ ಮಾತ್ರ ಇರುವ ಬೊಂಬೆ ಅದು. ಅಂಗಡಿಯಲ್ಲಿ ಅವಳ ಹೆಸರು ದೊರೆಸಾನಿ. ಏಕೆಂದರೆ ಒಂದು ಹುಲ್ಲುಕಡ್ಡಿಯನ್ನೂ ಎತ್ತದೆ ದಿನಕ್ಕೊಂದು ಹೊಸ ಬಟ್ಟೆ ತೊಡುವವಳು ಆ ಅಂಗಡಿಯಲ್ಲಿ ಅವಳೊಬ್ಬಳೇ. ನಿಮ್ಮನ್ನು ಬೆಚ್ಚಿಬೀಳಿಸಿದ್ದು ತಪ್ಪು, ಒಪ್ಪಿಕೊಂಡೆ. ಆದರೆ ಇದಕ್ಕೂ ಮೊದಲು ಸಭ್ಯನಾಗಿ ಬರೆದ ಎರಡು ಅರ್ಜಿಗಳು ನಿಮ್ಮ ಕಚೇರಿಯಲ್ಲಿ ದೊರೆಸಾನಿಗಿಂತ ಗಾಢವಾದ ಮೌನದಲ್ಲಿವೆ. ಅದಕ್ಕೇ ಈ ಸಲ ಪತ್ರಿಕೆಯಲ್ಲಿ ಕೂಗುತ್ತಿದ್ದೇನೆ.

ನನ್ನ ದೂರು ಚಿಕ್ಕದು. ರೋಗದ ಈ ವರ್ಷದಲ್ಲಿ, ಎಲೆ ಉದುರುವ ಕಾಲಕ್ಕೆ ಮಕ್ಕಳು ಮನೆಯೊಳಗೆ ಕೊಳೆಯಬಾರದೆಂದು ನೀವು ಉದ್ಯಾನ ತೆರೆದಿರಿ. ಹುಲ್ಲಿನ ಮೇಲೆ ಸುಣ್ಣದಲ್ಲಿ ವೃತ್ತ ಹಾಕಿಸಿ, ಮನೆಗೊಂದರಂತೆ ಈ ಕಾಲ ಮುಗಿಯುವವರೆಗೆ ಹಂಚಿದಿರಿ. ಒಳ್ಳೆಯ ಯೋಚನೆ; ಹೊಗಳಬೇಕಾದ್ದನ್ನು ಹೊಗಳಲೇಬೇಕು. ಮಕ್ಕಳು ಎಲೆ ಹೆಕ್ಕಿದರು, ಎಲೆಯ ಮೇಲೆ ಕಾಗದವಿಟ್ಟು ಬಣ್ಣದ ಕಡ್ಡಿ ಉಜ್ಜಿ ಅದರ ನರಗಳನ್ನೆಲ್ಲ ಕಾಗದಕ್ಕಿಳಿಸಿದರು, ಯಾವ ಮರದ ಎಲೆ ಮೊದಲು ಬೀಳುತ್ತದೆಂದು ಪಂದ್ಯ ಕಟ್ಟಿದರು. ಆದರೆ ನಿಮ್ಮ ಸುತ್ತೋಲೆಯ ಕೊನೆಗೆ ಒಂದು ಸಾಲಿದೆ: 'ಒಂದು ವೃತ್ತಕ್ಕೆ ಒಂದೇ ಮನೆಯವರು, ಕನಿಷ್ಠ ಇಬ್ಬರು. ಒಬ್ಬರೇ ಬಂದವರು ಎಲ್ಲಿಯೂ ನಿಲ್ಲದೆ ಕಾಲುದಾರಿಯಲ್ಲಿ ನಡೆಯತಕ್ಕದ್ದು.'

ಒಬ್ಬನಿದ್ದರೆ ಅದು ಮನೆಯಲ್ಲವೇ, ಸ್ವಾಮಿ? ನನ್ನ ಮನೆಗೂ ಬಾಗಿಲಿದೆ, ಬೀಗವಿದೆ, ಕಂದಾಯದ ಚೀಟಿ ತಪ್ಪದೆ ಬರುತ್ತದೆ. ಕಂದಾಯ ಕೇಳುವಾಗ 'ನೀವು ಒಬ್ಬರೇ, ಆದ್ದರಿಂದ ಇದು ಮನೆಯಲ್ಲ' ಎಂದು ಯಾರೂ ಹೇಳಿದ್ದಿಲ್ಲ. ವಯಸ್ಸಿನ ಲೆಕ್ಕದಲ್ಲಿ ನಾನು ನಿವೃತ್ತ ಎಂಬುದನ್ನು ನೀವು 'ವೃತ್ತವಿಲ್ಲದವನು' ಎಂದು ಬಿಡಿಸಿಕೊಂಡಿರಾ? ರೋಗ ಒಂಟಿ ಜನರ ಮೇಲೆ ಹೆಚ್ಚು ಹಾರುತ್ತದೆಂದು ಯಾವ ವೈದ್ಯರು ಹೇಳಿದರು? ನಾಲ್ವರು ಕೂರುವ ಕಡೆ ಒಬ್ಬ ಕೂತರೆ ಅಂತರ ಹೆಚ್ಚುತ್ತದೋ, ಅವಾಂತರ ಹೆಚ್ಚುತ್ತದೋ?

ನಿಮ್ಮ ಕಾಲುದಾರಿಯನ್ನು ನೀವು ಭಾನುವಾರ ನೋಡಬೇಕು. ನಾವೊಂದಿಷ್ಟು ಜನ ಅಲ್ಲಿ ಗಾಣದೆತ್ತುಗಳಂತೆ ಸುತ್ತುತ್ತಿರುತ್ತೇವೆ. ಹಿಂದೆ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದ ಒಬ್ಬ ಮೇಡಮ್ ಇದ್ದಾರೆ. ಮಕ್ಕಳ ಗಲಾಟೆ ಜೋರಾಗಿರುವ ವೃತ್ತದ ಬಳಿಗೆ ಬಂದೊಡನೆ ಅವರ ಶೂ ಲೇಸು ಬಿಚ್ಚಿಹೋಗುತ್ತದೆ. ಕೂತು ಕಟ್ಟುತ್ತಾರೆ, ಬಿಚ್ಚುತ್ತಾರೆ, ಮತ್ತೆ ಕಟ್ಟುತ್ತಾರೆ. ಕಾವಲುಗಾರನ ಸೀಟಿ ಬೀಳುವಷ್ಟರಲ್ಲಿ ಎಷ್ಟು ಸಲ ಕಟ್ಟಬಹುದೆಂಬ ಅಂದಾಜು ಈಗ ನಮಗೆಲ್ಲ ಇದೆ. ಒಮ್ಮೆ ನಾನು ಹತ್ತಿರ ಹೋಗಿ "ಮೇಡಮ್, ಇವತ್ತು ಚಪ್ಪಲಿ ಹಾಕ್ಕೊಂಡ್ ಬಂದಿದೀರಿ" ಎಂದೆ. ಅವರು ಎದ್ದು ನಿಂತು, "ಮೆಲ್ಲಗೆ ಹೇಳ್ರೀ, ಆ ಪುಣ್ಯಾತ್ಮನಿಗೆ ಇನ್ನೂ ಗೊತ್ತಾಗಿಲ್ಲ" ಎಂದು ಮುಂದೆ ನಡೆದರು.

ನನಗೆ ಮಾತ್ರ ಬೇರೆಯವರ ಮಕ್ಕಳ ಗಲಾಟೆ ಬೇಕಿರಲಿಲ್ಲ. ಎಂಟನೇ ವೃತ್ತದಲ್ಲಿ ನನ್ನ ಸ್ವಂತ ಮೊಮ್ಮಗಳಿದ್ದಳು. ಆರು ವರ್ಷ. ದುಂಡಗಿದ್ದಾಳೆ, ಅಂಗಡಿಯಲ್ಲಿ ಎಲ್ಲಿ ಬಿಟ್ಟರೂ ಉರುಳಿಕೊಂಡು ಮೇಜಿನಡಿ ಸೇರುತ್ತಿದ್ದಳು; ಅದಕ್ಕೇ ಅವಳನ್ನು ಗುಂಡಿ ಎನ್ನುತ್ತೇನೆ. ಅವಳ ತಾಯಿ, ನನ್ನ ಮಗಳು, ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ ಮಾಡುತ್ತಾಳೆ. ರೋಗ ಶುರುವಾದಾಗಿನಿಂದ ನನ್ನ ಹೊಸ್ತಿಲು ತುಳಿದಿಲ್ಲ. ಸಾಮಾನಿನ ಚೀಲ ಮೆಟ್ಟಿಲ ಮೇಲಿಟ್ಟು, ರಸ್ತೆಯ ಆಚೆ ಬದಿಗೆ ಹೋಗಿ ನಿಂತು ಮಾತಾಡುತ್ತಾಳೆ. "ಒಂದ್ ನಿಮಿಷ ಒಳಗ್ ಬಾರೇ" ಎಂದರೆ, "ಅಪ್ಪಾ, ನನ್ನಿಂದ ನಿನಗೇನಾದ್ರೂ ಆದ್ರೆ ನಾನು ಹೇಗಪ್ಪಾ ಬದುಕ್ಲಿ?" ಎನ್ನುತ್ತಾಳೆ. ಹೀಗಾಗಿ ಆ ಮಗುವನ್ನು ಹತ್ತಿರದಿಂದ ನೋಡಲು ನನಗುಳಿದ ಒಂದೇ ಜಾಗ ನಿಮ್ಮ ಹುಲ್ಲು.

ಮೊದಲ ಭಾನುವಾರ ಪ್ರಾಮಾಣಿಕನಾಗಿ ಒಬ್ಬನೇ ಬಂದೆ. ಗುಂಡಿ ಗೆರೆಯಂಚಿಗೆ ಓಡಿಬಂದು "ತಾತಾ!" ಎಂದಳು. ನಿಂತೆ. ಸೀಟಿ ಬಿತ್ತು.

"ಯಜಮಾನ್ರೇ, ನಿಲ್ಬೇಡಿ, ನಡೀರಿ."

"ನನ್ ಮೊಮ್ಮಗಳು ಕಣಪ್ಪಾ."

"ಗೊತ್ತಾಯ್ತು. ಆದ್ರೂ ನಡೀರಿ."

"ಎಲ್ಲಿಗೆ?"

"ಎಲ್ಲಿಗೂ ಇಲ್ಲ. ಸುಮ್ನೆ ಸುತ್ತ."

ಸುತ್ತಿದೆ. ಅವಳಿಗೆ ಪ್ರತಿ ವರ್ಷ ಆ ಮರಗಳಡಿಯಲ್ಲಿ ಒಗಟು ಹೇಳುವುದು ನನ್ನ ಪದ್ಧತಿ. ಈ ಸಲ ಒಗಟಿನ ಅರ್ಧ ಒಂದು ಸುತ್ತಿಗೆ, ಉಳಿದರ್ಧ ಇನ್ನೊಂದು ಸುತ್ತಿಗೆ ಹೇಳಬೇಕಾಯಿತು. ಉತ್ತರ ಬರುವಷ್ಟರಲ್ಲಿ ನನ್ನ ಮಂಡಿ ಸೋತಿತ್ತು. "ತಾತ, ಸುಳಿವು ಕೊಡು" ಎಂದು ಅವಳು ಕೂಗಿದಾಗ ನಾನು ಆಗಲೇ ಪೊದೆಯಾಚೆ ಇದ್ದೆ. ಅದು ಕೇಳಿಸಿತು, ನನ್ನ ಉತ್ತರ ಅವಳಿಗೆ ಕೇಳಿಸಲಿಲ್ಲ.

ಅದರ ಮುಂದಿನ ಭಾನುವಾರವೇ ದೊರೆಸಾನಿ ಹೊರಟಳು. ಪಕ್ಕದ ಮನೆಯವರಿಂದ ಗಾಲಿಕುರ್ಚಿ ತಂದೆ. ಚಿಂದಿಬಟ್ಟೆ ಸುತ್ತಿ ತಲೆ ಮಾಡಿದೆ. ಇಲ್ಲದ ಕಾಲಿನ ಮೇಲೆ ಕಂಬಳಿ ಹೊದಿಸಿದೆ. ಕೋಟು ನನ್ನ ಹೆಂಡತಿಯದು. ಅವಳಿಗೆ ಅದು ಬೇಡವಾಗಿ ನಾಲ್ಕು ವರ್ಷವಾಯಿತು. ಮಾಸ್ಕು ಬಂದ ಮೇಲೆ ಮನುಷ್ಯರಿಗೂ ಬೊಂಬೆಗೂ ನಡುವೆ ಉಳಿದ ವ್ಯತ್ಯಾಸ ತೀರ ಸಣ್ಣದು, ಸ್ವಾಮಿ. ಗೇಟಿನಲ್ಲಿ ನಿಮ್ಮವನು "ಎಷ್ಟು ಜನ?" ಎಂದ. "ಇಬ್ಬರು" ಎಂದೆ. ಖಾಲಿಯಿದ್ದ ಏಳನೇ ವೃತ್ತ ನಮ್ಮದಾಯಿತು. ಸ್ವಲ್ಪ ಹೊತ್ತು ಬಿಟ್ಟು ಬಂದು ವಿಚಾರಿಸಿದ.

"ಅಮ್ಮ ಮಾತೇ ಆಡಲ್ವಲ್ಲ ಯಜಮಾನ್ರೇ?"

"ಮೂವತ್ತೆಂಟು ವರ್ಷ ಆಡಿದಾಳಪ್ಪ. ಈಗ ರಜ."

"ಪುಣ್ಯವಂತ್ರು ಬಿಡಿ ನೀವು" ಎಂದು ನಿಟ್ಟುಸಿರು ಬಿಟ್ಟು ಹೋದ. ಅವನ ಮನೆಯ ವಿಷಯ ನಾನು ಕೇಳಲಿಲ್ಲ.

ಮಗಳು ನೋಡಿದೊಡನೆ ಗುರುತು ಹಿಡಿದಳು. "ಅಪ್ಪಾ! ಅದು ದೊರೆಸಾನಿ ಅಲ್ವಾ? ಅಯ್ಯೋ, ಅಮ್ಮನ ಕೋಟು!"

"ಮೆಲ್ಲಗೆ ಮಾತಾಡೇ. ಅವಳಿಗೆ ಕಿವಿ ಇಲ್ಲ ಅಂತ ಊರಿಗೆಲ್ಲ ಗೊತ್ತಾಗುತ್ತೆ."

ಮಗಳು ಆಚೆ ತಿರುಗಿ ನಿಂತಳು. ಭುಜ ಅಲುಗುತ್ತಿತ್ತು. ನಗುತ್ತಿದ್ದಳು ಎಂದುಕೊಂಡಿದ್ದೇನೆ.

ದೊರೆಸಾನಿಯ ಜೊತೆ ಬಂದ ಮೊದಲ ಎರಡು ಭಾನುವಾರಗಳು, ಮಾನ್ಯರೇ, ಈ ವರ್ಷದಲ್ಲಿ ನನಗೆ ಸಿಕ್ಕ ಎರಡು ದಿನಗಳು. ಎಲೆ ಉದುರುವ ಕಾಲ ಬಂದರೆ ಗುಂಡಿಗೊಂದು ಹೊಸ ಕೋಟು ಹೊಲಿಯುತ್ತೇನೆ. ಬೇರೆ ವರ್ಷವಾದರೆ ಮೇಜಿನ ಮೇಲೆ ನಿಲ್ಲಿಸಿ, ಕಚಗುಳಿಯಿಟ್ಟು ಅಳತೆ ತೆಗೆಯುತ್ತಿದ್ದೆ. ಈ ಸಲ ನನ್ನ ಟೇಪು ಸುಣ್ಣದ ಗೆರೆಯವರೆಗೂ ಮುಟ್ಟುತ್ತಿರಲಿಲ್ಲ. ದಾರಿ ಅವಳೇ ಹುಡುಕಿದಳು. "ತಾತ, ನಾನು ಎಲೆಯಲ್ಲಿ ಅಳೀತೀನಿ, ನೀನು ನಿನ್ ಕಡೆ ಎಲೆಯಲ್ಲಿ ಹೊಲಿ!" ಹುಲ್ಲಿನ ಮೇಲೆ ಮಲಗಿ, ಚಾಚಿದ ತೋಳಿನುದ್ದಕ್ಕೂ ಅವಳಪ್ಪನ, ಅಂದರೆ ನನ್ನ ಅಳಿಯನ, ಕೈಯಲ್ಲಿ ಎಲೆ ಜೋಡಿಸಿಕೊಂಡಳು.

"ಈ ಕೈ ಐದು!"

"ಆ ಕೈ?"

"ಅದೂ ಐದೇ!"

"ಯಾವ ಎಲೆಯೇ?"

"ಹಳದಿ ಎಲೆ ತಾತ, ಅಷ್ಟೂ ಗೊತ್ತಾಗಲ್ವಾ ನಿಂಗೆ?"

ನನ್ನ ವೃತ್ತದಲ್ಲಿ ಬಿದ್ದಿದ್ದ ಹಳದಿ ಎಲೆ ಜೇಬಿಗಿಳಿಸಿ ಮನೆಗೆ ಹೋಗಿ ಕತ್ತರಿ ಹಿಡಿದೆ. ಇಷ್ಟು ವರ್ಷ ಬಟ್ಟೆ ಕತ್ತರಿಸಿದವನಿಗೆ ಎಲೆಯಲ್ಲಿ ಚಿಕ್ಕದು ದೊಡ್ಡದು ಇರುತ್ತದೆಂದು ಹೊಳೆಯಲಿಲ್ಲ ನೋಡಿ. ಹೊಳೆದರೂ ಬಿಡುತ್ತಿರಲಿಲ್ಲ. ಅವಳು ಕೊಟ್ಟ ಅಳತೆ ಅದು.

ದೊರೆಸಾನಿಯ ಮೂರನೇ ಭಾನುವಾರ ಕೋಟನ್ನು ಮಡಚಿ ಅವಳ ವೃತ್ತಕ್ಕೆ ಎಸೆದೆ. ಹಾಕಿಕೊಂಡಳು. ಒಂದು ತೋಳು ಸರಿಯಾಗಿ ಕೂತಿತು, ಇನ್ನೊಂದರಲ್ಲಿ ಕೈಯೇ ಕಾಣೆ. "ಅಮ್ಮಾ, ನನ್ ಕೈ ಎಲ್ಲೋ ಹೋಯ್ತು!" ಎಂದು ಕೂಗಿದಳು. ನಾಲ್ಕೂ ಜನ ನಕ್ಕೆವು. ಬಹಳ ದಿನಗಳ ಮೇಲೆ ನಾವೆಲ್ಲ ಒಟ್ಟಿಗೆ, ಒಂದೇ ವಿಷಯಕ್ಕೆ ನಕ್ಕಿದ್ದು ಅದು. ಆ ನಗುವಿನಲ್ಲೇ ಮಗು ಗೆರೆ ಮರೆತಳು. ಎರಡೂ ತೋಳು ಅಗಲಿಸಿಕೊಂಡು ನನ್ನ ಕಡೆಗೆ ಓಡಿಬಂದಳು. ನನ್ನ ಕಾಲು ಹಿಂದಕ್ಕೆ ಜಾರಿತು. ಅವಳು ಗಾಲಿಕುರ್ಚಿಗೆ ಬಡಿದಳು, ಕುರ್ಚಿ ವಾಲಿತು, ದೊರೆಸಾನಿಯ ತಲೆ ಟೋಪಿ ಸಮೇತ ಉರುಳಿ ಆರನೇ ವೃತ್ತದಲ್ಲಿ ಮೊಟ್ಟೆ ಸುಲಿಯುತ್ತಿದ್ದ ದಪ್ಪನೆಯ ಮಹಾಶಯರ ಮಡಿಲಿಗೆ ಸೇರಿತು. ಅವರು ಕಿರುಚಿದ್ದು ನಿಮ್ಮ ಕಚೇರಿಗೂ ಕೇಳಿಸಿರಬೇಕು. "ರೀ, ಅದು ಬಟ್ಟೆ ಉಂಡೆ ರೀ!" ಎಂದು ಅವರ ಹೆಂಡತಿ ಹೇಳುವಷ್ಟರಲ್ಲಿ ಮಹಾಶಯರು ಗೇಟು ದಾಟಿದ್ದರು. ಇಡೀ ಉದ್ಯಾನ ಬಿದ್ದು ಬಿದ್ದು ನಕ್ಕಿತು. ಲೇಸಿನ ಮೇಡಮ್ ನಿಜವಾಗಿಯೂ ನೆಲದ ಮೇಲೆ ಕೂತುಬಿಟ್ಟರು.

ಗುಂಡಿ ನಗಲಿಲ್ಲ. "ತಾತ, ಯಾಕ್ ಹಿಂದೆ ಹೋದೆ?" ಎಂದಳು.

"ಕಾಲು ಜಾರ್ತು ಕಣೇ ಗುಂಡಿ."

ಅವಳು ನನ್ನ ಕಾಲನ್ನು ನೋಡಿದಳು, ಮತ್ತೆ ನನ್ನ ಮುಖ ನೋಡಿದಳು. ಅಷ್ಟರಲ್ಲಿ ಸೀಟಿ ಬಿತ್ತು, ಅಳಿಯ ಬಂದು ಎತ್ತಿಕೊಂಡು ಹೋದ. ಅವನ ಹೆಗಲ ಮೇಲಿಂದ ಅವಳು ಕೈಬೀಸಲಿಲ್ಲ.

ಮರುದಿನ ನಿಮ್ಮ ನೋಟಿಸು ಬಂತು. ಬೊಂಬೆಯನ್ನು ಹೆಂಗಸೆಂದು ನಂಬಿಸಿ ವೃತ್ತ ಪಡೆದದ್ದು ಒಂದು ಅಪರಾಧ, ಬೇರೆ ಮನೆಯ ಮಗುವನ್ನು ಸ್ಪರ್ಶಿಸಿದ್ದು ಇನ್ನೊಂದು. ಆದ್ದರಿಂದ ಬೊಂಬೆ ಜಪ್ತಿ, ನನಗೆ ಎಲೆಗಳ ಕಾಲ ಮುಗಿಯುವವರೆಗೆ ಪ್ರವೇಶವಿಲ್ಲ. ಮೊದಲನೆಯದನ್ನು ಒಪ್ಪುತ್ತೇನೆ. ತಲೆಯಿಲ್ಲದೆ ಕುರ್ಚಿಯಲ್ಲಿ ಕೂರುವುದು ಅಪರಾಧವೆಂದು ನನಗೆ ತಿಳಿದಿರಲಿಲ್ಲ. ಸರ್ಕಾರಿ ಕಚೇರಿಗಳಲ್ಲಿ ಬೇರೆ ರೂಢಿ ಕಂಡಿದ್ದೆ. ಎರಡನೆಯದನ್ನು ಮಾತ್ರ ಒಪ್ಪುವುದಿಲ್ಲ. ನಾನು ಆ ಮಗುವನ್ನು ಮುಟ್ಟಿಲ್ಲ. ನಿಮ್ಮ ಕಾವಲುಗಾರನನ್ನು ಕೇಳಿ. ಒಂದು ಬೆರಳೂ ತಾಕಿಲ್ಲ.

ಆ ದಿನದಿಂದ ಗುಂಡಿ ನನ್ನೊಡನೆ ಮಾತಾಡುತ್ತಿಲ್ಲ. ಫೋನು ಮಾಡಿದರೆ "ಆಡ್ತಾ ಇದಾಳಪ್ಪ" ಎಂದು ಮಗಳು ತೇಲಿಸುತ್ತಾಳೆ. ಒಂದು ಸಂಜೆ ಅವಳು ಫೋನಿಗೆ ಕೈ ಅಡ್ಡ ಹಿಡಿಯುವುದು ತಡವಾಯಿತು. ಹಿಂದಿನಿಂದ ಮಗುವಿನ ದನಿ ಕೇಳಿಸಿತು. "ನಾನ್ ಬರಲ್ಲ. ತಾತಂಗೆ ನಾನು ಬೇಡ." ನನ್ನ ಹತ್ತಿರ ಜಗತ್ತಿನ ಎಲ್ಲ ಮಾತಿಗೂ ಮರುಮಾತಿರುತ್ತದೆಂದು ಅಂಗಡಿಬೀದಿಯಲ್ಲಿ ಹೆಸರಿದೆ. ಆವತ್ತು "ಆಮೇಲೆ ಮಾಡ್ತೀನಿ" ಎಂದು ಫೋನಿಟ್ಟೆ. ಕಿಟಕಿಯಾಚೆ ಗುಡಿಸುವವಳು ಎಲೆ ಒಟ್ಟು ಮಾಡಿ ಗಾಡಿಗೆ ತುಂಬುತ್ತಿದ್ದಳು.

ಆರು ವರ್ಷದ ಮಗುವಿಗೆ ಪತ್ರ ಬರೆದು ವಾದ ಮಾಡಲಾಗುವುದಿಲ್ಲ. ನೋಟಿಸು ಕೊಡಲಾಗುವುದಿಲ್ಲ. ಅವಳ ಎದುರಿಗೆ, ಅವಳ ಕಣ್ಣಿಗೆ ಬೀಳುವ ಕಡೆ, ಅವಳಾಗಿ ನನ್ನ ಕಡೆ ಮುಖ ತಿರುಗಿಸುವವರೆಗೆ ಕೂತಿರಬೇಕು. ನಡೆದಾಡುತ್ತಾ ಆಗುವ ಕೆಲಸವಲ್ಲ ಅದು. ಮೇಲಿನ ಕೊಂಬೆಗಳು ಆಗಲೇ ಬೋಳಾಗಿವೆ. ಇನ್ನೊಂದೆರಡು ಗಾಳಿ ಬೀಸಿದರೆ ನಿಮ್ಮ ಕಾಲ ಮುಗಿಯುತ್ತದೆ, ವೃತ್ತಗಳನ್ನು ಅಳಿಸುತ್ತೀರಿ, ಚಳಿಗೆ ಮಕ್ಕಳು ಒಳಗೆ ಹೋಗುತ್ತಾರೆ. ಮುಂದಿನ ವರ್ಷ ಎಂದು ಹೇಳಬೇಡಿ. ನನ್ನ ವಯಸ್ಸಿನವರ ಮುಂದೆ ಈ ವರ್ಷ ಮುಂದಿನ ವರ್ಷದ ಮಾತನ್ನು ಯಾರೂ ಗಟ್ಟಿಯಾಗಿ ಆಡುತ್ತಿಲ್ಲ.

ಆದ್ದರಿಂದ ಕೇಳುತ್ತಿದ್ದೇನೆ. ಆ ಸಾಲನ್ನು ಹೊಡೆದುಹಾಕಿ. ಒಬ್ಬರೇ ಬಂದವರಿಗೂ ಒಂದೊಂದು ವೃತ್ತ ಹಾಕಿಸಿ. ಚಿಕ್ಕದೇ ಸಾಕು, ಒಂದು ಕುರ್ಚಿ ಹಿಡಿಯುವಷ್ಟು. ಸುಣ್ಣ ಕಡಿಮೆಯಾದರೆ ನಾನು ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ತರುತ್ತೇನೆ. ನನ್ನ ಮೇಲಿನ ನಿಷೇಧ ಈ ಭಾನುವಾರಕ್ಕೆ ಮುಂಚೆ ತೆಗೆಯಿರಿ, ಎಂಟನೇ ವೃತ್ತದ ಪಕ್ಕ ಜಾಗ ಕೊಡಿ. ದೊರೆಸಾನಿಯನ್ನು ಬೇಕಾದರೆ ನೀವೇ ಇಟ್ಟುಕೊಳ್ಳಿ.

ಮತ್ತೆ, ನಿಮ್ಮ ನೋಟಿಸಿನಲ್ಲಿ ಇಲ್ಲದ ಒಂದು ವಿಷಯ. ನನ್ನ ಕಾಲು ಜಾರಲಿಲ್ಲ. ಮಗು ಬರುವುದನ್ನು ಕಂಡೆ, ಬೇಕೆಂದೇ ಎರಡು ಹೆಜ್ಜೆ ಹಿಂದೆ ಸರಿದೆ. ನಿಮ್ಮ ನಿಯಮ ನನಗೆ ನೆನಪಿಗೇ ಬರಲಿಲ್ಲ. ಅವಳಿಗೆ ಒಳ್ಳೆಯದಾಗಲೆಂದೂ ಅಲ್ಲ. ಅವಳಮ್ಮ ಮುಟ್ಟುವ ಬಟ್ಟೆಗಳು ನೆನಪಾದವು, ನನ್ನ ಪ್ರಾಣ ನೆನಪಾಯಿತು, ಆ ಮಗುವನ್ನು ಕಂಡು ಹೆದರಿದೆ. ಅದನ್ನು ಅವಳು ನೋಡಿದಳು.

ಇಂತಿ,
ತಾತ ಎಂದು ಸಹಿ ಹಾಕಲು ಸದ್ಯಕ್ಕೆ ಧೈರ್ಯವಿಲ್ಲದ
ಒಬ್ಬ ದರ್ಜಿ