ಉರಿಯುತ್ತಲೇ ಇರುವ ಬೋರ್ಡು

ಮಾರ್ಚ್ ೧೧, ಮಂಗಳವಾರ

ಹೊಲಿಗೆ ಹಾಕಿದ ಹುಬ್ಬು ಸಿಡಿಯುತ್ತಿದೆ. ಆದರೆ ನಿದ್ದೆಗೆಡಿಸಿದ್ದು ಅದಲ್ಲ, ಹಳೇ ಆಸ್ಪತ್ರೆಯ ಬಾಗಿಲ ಮೇಲಿನ ಆ ದರಿದ್ರ ದೀಪದ ಬೋರ್ಡು.

ಹಳೇ ಆಸ್ಪತ್ರೆಯ ಹೆರಿಗೆ ವಾರ್ಡನ್ನು ಮುಚ್ಚಿ ದೊಡ್ಡಾಸ್ಪತ್ರೆಗೆ ಸೇರಿಸಿದ್ದು ಎಷ್ಟು ಸುಸೂತ್ರವಾಯಿತೆಂದು ಆರೋಗ್ಯ ಇಲಾಖೆಯ ವಲಯ ನಿರ್ದೇಶಕಿಯಾದ ನಾನು ಇವತ್ತು ಸಭೆಯಲ್ಲಿ ಕೊಚ್ಚಿಕೊಳ್ಳುತ್ತಿದ್ದೆ. ಮೊನ್ನೆ ಹೆಂಡತಿಯನ್ನೂ ಅವಳ ಹೊಟ್ಟೆಯಲ್ಲಿದ್ದ ಕೂಸನ್ನೂ ಕಳೆದುಕೊಂಡವನು ಇಟ್ಟಿಗೆ ಹಿಡಿದು ಒಳನುಗ್ಗಿದ.

"ಬೋರ್ಡ್ ಉರೀತಿತ್ತಲ್ರೀ! ಹೆರಿಗೆ, ಹಗಲೂ ರಾತ್ರಿ ಅಂತ ಉರೀತಿತ್ತು! ಬಾಗಿಲು ಬಡಿದು ಬಡಿದು ಸಾಕಾಯ್ತು. ಅವಳು ಮೆಟ್ಟಿಲ ಮೇಲೇ ಹೋದ್ಲು!"

ಇಟ್ಟಿಗೆ ನನ್ನ ಹುಬ್ಬಿಗೆ ಅಪ್ಪಳಿಸಿತು. ಸೆಕ್ಯುರಿಟಿಯವರು ಅವನನ್ನು ಕೆಡವಿ ಬೂಟುಗಾಲಲ್ಲಿ ತುಳಿದರು. ಪಕ್ಕೆಲುಬು ಲಟಕ್ಕೆಂದದ್ದು ನನಗೆ ಕೇಳಿಸಿತು. "ಬಿಡ್ರೋ ಅವನನ್ನ!" ಎಂದು ಕಿರುಚಿದೆ. ಯಾರೂ ಬಿಡಲಿಲ್ಲ.

ಬೋರ್ಡು ಆರಿಸೋಣವೆಂದು ವಾರ್ಡು ಮುಚ್ಚಿದಾಗಲೇ ನಾನು ಬಡಕೊಂಡಿದ್ದೆ. "ಜನ ರೊಚ್ಚಿಗೇಳ್ತಾರೆ ಮೇಡಂ, ಚುನಾವಣೆ ಮುಗಿಯೋವರ್ಗೂ ಉರೀತಾ ಇರ್ಲಿ" ಎಂದಿದ್ದ ಇಲಾಖೆಯ ಕಾರ್ಯದರ್ಶಿ ಮೇಜಿನಡಿಯಿಂದ ಈಚೆ ಬಂದು ಪ್ಯಾಂಟು ಕೊಡವಿಕೊಂಡ. "ಕೊಲೆ ಯತ್ನ ಅಂತ ಕೇಸ್ ಜಡೀರಿ" ಎಂದ. ರಕ್ತ ಮೆತ್ತಿದ ಕೈಯಲ್ಲೇ ಅವನ ಕೆನ್ನೆಗೆ ಬಾರಿಸಿದೆ. ಕನ್ನಡಕ ಹಾರಿ ಗೋಡೆಗೆ ಬಡಿಯಿತು. ಇನ್ನೊಂದು ಬಿಡಬೇಕಿತ್ತು.

"ಕೆಲಸ ಹೋಯ್ತು ಅಂದ್ಕೋ" ಎಂದರು ಮನೆಯವರು. ಹೋಗಲಿ, ಹಾಳಾಗಿ ಹೋಗಲಿ.

ಈಗಷ್ಟೇ ಆಸ್ಪತ್ರೆಯ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿದೆ. ಇನ್ನೂ ಉರಿಯುತ್ತಿದೆಯಂತೆ. "ಹೇಗೆ ಆರಿಸ್ಲಿ ಮೇಡಂ? ಸ್ವಿಚ್ ಇರೋದು ವಾರ್ಡ್ ಒಳಗೆ. ಬೀಗ ಹಾಕಿ ಕೀ ನೀವೇ ತಗೊಂಡು ಹೋದ್ರಲ್ಲ."

ಕೈಚೀಲ ತಡಕಿದೆ. ಇದೆ.

ಈಗಲೇ ಹೋಗುತ್ತೇನೆ. ಸುತ್ತಿಗೆಯನ್ನೂ ಒಯ್ಯುತ್ತೇನೆ. ಬರೀ ಆರಿಸಿದರೆ ಸಾಲದು.